ಬೆಳಿಗ್ಗೆ ಕೈಯಿಂದ ಲೋಟ ಹಾರುತ್ತಿತ್ತು, ಆಮೇಲೆ ಫಿಟ್ಸ್ ಬಂತು: ಮಗಳ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ಮಗಳಿಗೆ 20 ವರ್ಷ, ಬಿ.ಎಸ್ಸಿ. ಕೊನೆಯ ವರ್ಷ. ಹೋದ ವರ್ಷ ಊರಲ್ಲಿ ಯಕ್ಷಗಾನದ ಆಟ ಇತ್ತು. ಬೆಳಗಿನ ತನಕ ನೋಡಿ ಬಂದವಳು ಹಲ್ಲುಜ್ಜುತ್ತಾ ಕೂಗಿಕೊಂಡು ಬಿದ್ದಳು. ಕೈಕಾಲು ಸೆಟೆದು ನಡುಗಿತು, ಬಾಯಲ್ಲಿ ನೊರೆ ಬಂತು, ನಾಲಿಗೆ ಕಚ್ಚಿಕೊಂಡಿದ್ದಳು. ನಮ್ಮ ಅತ್ತೆ ಬೀಗದ ಕೈ ತಂದು ಮುಷ್ಟಿಯಲ್ಲಿ ಇಟ್ಟ ಮೇಲೆ ನಿಂತಿತು. ಪರೀಕ್ಷೆ ಹೊತ್ತಲ್ಲಿ ಮತ್ತೆ ಹಾಗೇ ಆಯಿತು. ಅದಕ್ಕೂ ಒಂದು ವರ್ಷದ ಹಿಂದಿನಿಂದ ಬೆಳಿಗ್ಗೆ ಕಷಾಯದ ಲೋಟ ಕೈಯಿಂದ ಹಾರಿ ಬೀಳುತ್ತಿತ್ತು, ಗಮನ ಎಲ್ಲಿದೆ ಅಂತ ಬೈಯುತ್ತಿದ್ದೆವು. ಮೊದಲು ತೋರಿಸಿದಲ್ಲಿ ಫೆನಿಟಾಯಿನ್ ಕೊಟ್ಟರು, ಕೈ ಹಾರುವುದು ಜಾಸ್ತಿ ಆಯಿತು. ಹುಬ್ಬಳ್ಳಿಯಲ್ಲಿ ವಾಲ್ಪ್ರೊಯೇಟ್ ಕೊಟ್ಟರು, ಈಗ 8 ತಿಂಗಳಿಂದ ಏನೂ ಇಲ್ಲ. ಎಂಆರ್‌ಐ ನಾರ್ಮಲ್. ಕಾಯಿಲೆ ಇಲ್ಲದ ಮೇಲೆ ಮಾತ್ರೆ ಯಾಕೆ, ನಿಲ್ಲಿಸಿ ನಾಟಿ ಔಷಧ ಕೊಡಿ ಅಂತ ಸಂಬಂಧಿಕರು ಹೇಳುತ್ತಾರೆ. ಜಾತಕ ಬರುತ್ತಿವೆ. ಹುಡುಗನ ಕಡೆಯವರಿಗೆ ಹೇಳಬೇಕಾ? ಮಕ್ಕಳಿಗೆ ಬರುತ್ತದಾ? ಅವಳು ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋಗುತ್ತೇನೆ ಅಂತಿದ್ದಾಳೆ, ಕಳಿಸಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಎಂಆರ್‌ಐದಲ್ಲ, ಲೋಟದ್ದು. ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇದನ್ನು ಪೂರ್ತಿ ಓದುವ ತಾಳ್ಮೆ ಇಲ್ಲದಿದ್ದರೂ ಇಷ್ಟು ಸಾಕು: ಮಾತ್ರೆಯನ್ನು ನಾಳೆಯಿಂದ ನಿಲ್ಲಿಸಬೇಡಿ. ಆದರೆ ಅದೇ ಮಾತ್ರೆ ಮುಂದುವರಿಯಬೇಕಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ಮದುವೆ ಮಾತುಕತೆ ಗಟ್ಟಿಯಾಗುವ ಮೊದಲೇ ವೈದ್ಯರ ಎದುರು ಕೂತು ಕೇಳಬೇಕು. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾನು ಕರಾವಳಿಯಲ್ಲಿ ನರರೋಗಿಗಳನ್ನು ನೋಡುವವನು. ಘಟ್ಟದ ಮೇಲಿನವರೂ ಬರುತ್ತಾರೆ. ಫಿಟ್ಸ್ ಅಂತ ಬಂದವರು ಮೊದಲು ಟೇಬಲ್ ಮೇಲೆ ಸ್ಕ್ಯಾನ್ ಕವರ್ ಇಡುತ್ತಾರೆ. ನಾನು ಅದನ್ನು ಆಮೇಲೆ ನೋಡುತ್ತೇನೆ. ಬೀಳುವಾಗ ಪಕ್ಕದಲ್ಲಿ ಯಾರಿದ್ದರು ಅಂತ ಮೊದಲು ಕೇಳುತ್ತೇನೆ. ಎಷ್ಟೋ ಸಲ ಆ ಮನುಷ್ಯನನ್ನು ಮನೆಯಲ್ಲೇ ಬಿಟ್ಟು, ಕಾರು ಇದ್ದ ಮಾವನೋ ಚಿಕ್ಕಪ್ಪನೋ ಬಂದಿರುತ್ತಾರೆ! ಕಣ್ಣಾರೆ ಕಂಡವರು ಹೇಳುವುದು, ಈಗಿನ ಕಾಲಕ್ಕೆ ಮೊಬೈಲ್‌ನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೋ, ಇವೆರಡರಿಂದ ಸಿಗುವಷ್ಟು ಮಾಹಿತಿ ಎಷ್ಟೋ ಸಲ ದುಬಾರಿ ಸ್ಕ್ಯಾನ್‌ನಿಂದ ಸಿಗುವುದಿಲ್ಲ.

ನಿಮ್ಮ ಮಗಳ ಕತೆಯನ್ನು ಜೋಡಿಸಿ ನೋಡಿ. ಹದಿಹರೆಯದ ಕೊನೆಯಲ್ಲಿ ಶುರು. ಎದ್ದ ಸ್ವಲ್ಪ ಹೊತ್ತಿನಲ್ಲಿ ಭುಜ, ಕೈ ಒಮ್ಮೆಗೇ ಹಾರುವುದು, ಕೈಯಲ್ಲಿದ್ದದ್ದು ಚಿಮ್ಮಿ ಹೋಗುವುದು. ಆಗ ಪ್ರಜ್ಞೆ ಪೂರ್ತಿ ಇರುತ್ತದೆ, ಅದಕ್ಕೇ ಯಾರಿಗೂ ಅದು ಕಾಯಿಲೆ ಅನ್ನಿಸುವುದಿಲ್ಲ. ಒಂದು ಲೋಟ, ಒಂದು ಬ್ರಷ್, ದೋಸೆ ಹೊಯ್ಯುವಾಗ ಸೌಟು. ಆಮೇಲೆ ನಿದ್ದೆಗೆಟ್ಟ ಒಂದು ದಿನ ಬೆಳಿಗ್ಗೆ ದೊಡ್ಡ ಫಿಟ್ಸ್. ಇದಕ್ಕೆ ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಅಂತ ಹೆಸರು. ನೋಡದೆ ನೂರಕ್ಕೆ ನೂರು ಹೀಗೇ ಅಂತ ಹೇಳಲಾರೆ. ಆದರೆ ನೀವು ಬರೆದದ್ದು ಹೆಚ್ಚು ಕಡಿಮೆ ಪುಸ್ತಕದಲ್ಲಿ ಇದ್ದ ಹಾಗೇ ಇದೆ. ಸಾಮಾನ್ಯವಾಗಿ 12ರಿಂದ 18 ವರ್ಷದೊಳಗೆ ಶುರುವಾಗುತ್ತದೆ, ಅಪರೂಪದ್ದೇನೂ ಅಲ್ಲ. ಕೈ ಹಾರುತ್ತದಾ ಅಂತ ಕೇಳದೇ ಹೋದರೆ ತಪ್ಪಿಹೋಗುತ್ತದೆ, ಮನೆಯವರು ತಾವಾಗಿ ಹೇಳುವುದಂತೂ ಕಡಿಮೆ.

ಫೆನಿಟಾಯಿನ್‌ನಿಂದ ಕೈ ಹಾರುವುದು ಜಾಸ್ತಿ ಆಯಿತು ಅಂದಿರಲ್ಲ, ಅದೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಫೆನಿಟಾಯಿನ್ 1938ರಿಂದ ಬಳಕೆಯಲ್ಲಿರುವ ಒಳ್ಳೆಯ ಔಷಧ. ಮೆದುಳಿನ ಒಂದು ಜಾಗದಿಂದ ಶುರುವಾಗುವ ಫಿಟ್ಸ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಈ ಜಾತಿಯ ಫಿಟ್ಸ್‌ನಲ್ಲಿ ಅದೂ, ಕಾರ್ಬಮಾಜೆಪಿನ್‌ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ಕೂಡ, ಕೈ ಹಾರುವುದನ್ನು ಕೆರಳಿಸಬಹುದು. ಆ ಹಳೆಯ ಚೀಟಿಯನ್ನು ಎಸೆಯಬೇಡಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಅದು ಬೇಕು.

ಈಗ ಎಂಆರ್‌ಐ ವಿಷಯ. ಎಂಆರ್‌ಐ ಅಂದರೆ ಮನೆಯ ಫೋಟೋ ತೆಗೆದ ಹಾಗೆ. ಗೋಡೆ ಬಿರುಕು ಬಿಟ್ಟಿದ್ದರೆ ಕಾಣುತ್ತದೆ, ವೈರಿಂಗ್ ಒಳಗೆ ಆಗಾಗ ಶಾರ್ಟ್ ಆಗುವುದು ಕಾಣುವುದಿಲ್ಲ. ನಿಮ್ಮ ಮಗಳಿಗೆ ಗಡ್ಡೆ, ಹಳೆಯ ಪೆಟ್ಟಿನ ಗುರುತು, ಲಾಡಿಹುಳದಿಂದ ಆಗುವ ಗಂಟು ಏನೂ ಇಲ್ಲ ಅಂತ ಗೊತ್ತಾಯಿತು, ಅದು ಸಮಾಧಾನದ ವಿಷಯ. ಈ ಕಾಯಿಲೆಯಲ್ಲಿ ಎಂಆರ್‌ಐ ನಾರ್ಮಲ್ ಇರುವುದೇ ಮಾಮೂಲು. ತೊಂದರೆ ಇರುವುದು ಮೆದುಳಿನ ಕೋಶಗಳು ವಿದ್ಯುತ್ ಸಂಕೇತ ಕಳಿಸುವ ರೀತಿಯಲ್ಲಿ. ಎಲ್ಲ ಒಟ್ಟಿಗೆ, ಹದ ತಪ್ಪಿ ಸಂಕೇತ ಕಳಿಸಿದಾಗ ಮೈ ಸೆಟೆಯುತ್ತದೆ. ಇದನ್ನು ಹಿಡಿಯುವುದಕ್ಕೆ ಇಇಜಿ ಇದೆ, ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಸಂಕೇತ ದಾಖಲಿಸುವುದು. ಅದೂ ಅರ್ಧ ಗಂಟೆ ತೆಗೆಯುವ ಪರೀಕ್ಷೆ, ಆ ಅರ್ಧ ಗಂಟೆಯಲ್ಲಿ ಮೆದುಳು ಶಾಂತವಾಗಿದ್ದರೆ ಅದರಲ್ಲೂ ಏನೂ ಬರುವುದಿಲ್ಲ. ಹಾಗಾದಾಗ ರಾತ್ರಿ ನಿದ್ದೆ ಕಡಿಮೆ ಮಾಡಿಸಿ ಬೆಳಿಗ್ಗೆ ಇನ್ನೊಮ್ಮೆ ತೆಗೆಯುತ್ತೇವೆ. ನೀವು ಇಇಜಿ ಬಗ್ಗೆ ಏನೂ ಬರೆದಿಲ್ಲ. ಆಗಿಲ್ಲದಿದ್ದರೆ ಮಾಡಿಸಿ.

ಇನ್ನು ಬೀಗದ ಕೈ. ನಿಮ್ಮ ಅತ್ತೆಯವರ ಮೇಲೆ ನನಗೆ ಕೋಪ ಇಲ್ಲ, ಅವರು ಕಂಡದ್ದು ಸುಳ್ಳೂ ಅಲ್ಲ. ಕೈಗೆ ಕಬ್ಬಿಣ ಕೊಟ್ಟರು, ಫಿಟ್ಸ್ ನಿಂತಿತು. ಆದರೆ ಲೆಕ್ಕ ಹಾಕಿ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗೇ ನಿಲ್ಲುತ್ತವೆ. ಅಯ್ಯೋ ಅಂತ ಕೂಗಿ, ಬೀಗದ ಕೈ ಎಲ್ಲಿದೆ ಅಂತ ಹುಡುಕಿ, ಮೊಳೆಯಿಂದ ತೆಗೆದು, ಓಡಿ ಬಂದು, ಬಿಗಿದ ಮುಷ್ಟಿ ಬಿಡಿಸಿ ಒಳಗೆ ಇಡುವಷ್ಟರಲ್ಲಿ ಆ ಒಂದೆರಡು ನಿಮಿಷ ಕಳೆದಿರುತ್ತದೆ. ಬೀಗದ ಕೈ ತರದಿದ್ದರೂ ಅಷ್ಟೇ ಹೊತ್ತಿಗೆ ನಿಲ್ಲುತ್ತಿತ್ತು. ಈರುಳ್ಳಿ, ಚಪ್ಪಲಿ ಮೂಸಿಸುವುದೂ ಇದೇ ಲೆಕ್ಕ. ಬೀಗದ ಕೈಯಿಂದ ದೊಡ್ಡ ಅಪಾಯ ಏನಿಲ್ಲ. ಆದರೆ ಅದನ್ನು ಹುಡುಕುವ ಹೊತ್ತಲ್ಲಿ ಮಗಳನ್ನು ಪಕ್ಕಕ್ಕೆ ಹೊರಳಿಸುವ ಕೆಲಸ ಬಾಕಿ ಉಳಿಯುತ್ತದೆ, ನಷ್ಟ ಅದು.

ಮಾಡಬೇಕಾದ್ದು ಇಷ್ಟೇ. ಗಡಿಯಾರ ನೋಡಿ. ಸುತ್ತಲಿರುವ ಗಟ್ಟಿ ವಸ್ತು, ಒಲೆ, ನೀರು ಇಂಥದ್ದರಿಂದ ದೂರ ಮಾಡಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ. ನಡುಕ ಕಡಿಮೆಯಾಗುತ್ತಿದ್ದ ಹಾಗೆ ಒಂದು ಪಕ್ಕಕ್ಕೆ ಹೊರಳಿಸಿ, ನೊರೆ, ಎಂಜಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬಟ್ಟೆ, ಬೆರಳು ಏನೂ ಬೇಡ, ನೀರಂತೂ ಬೇಡವೇ ಬೇಡ. ನಾಲಿಗೆ ನುಂಗಿಬಿಡುತ್ತಾರೆ ಅನ್ನುವುದು ಸುಳ್ಳು. ನಾಲಿಗೆಯ ಅಂಚು ಕಚ್ಚಿದರೆ ಕೆಲವು ದಿನದಲ್ಲಿ ಮಾಯುತ್ತದೆ, ಚಮಚ ತುರುಕಿ ಮುರಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಆಗದೇ ಇನ್ನೊಂದು ಬಂದರೆ, 108ಕ್ಕೆ ಫೋನ್ ಮಾಡಿ. ನಿಮ್ಮ ಊರಿಗೆ ಆಂಬುಲೆನ್ಸ್ ಬರುವುದಕ್ಕೆ ಹೊತ್ತು ಹಿಡಿಯುತ್ತದೆ ಅಂತಾದರೆ ಮೂಗಿಗೆ ಹೊಡೆಯುವ ಮಿಡಾಜೋಲಾಮ್ ಸ್ಪ್ರೇ ಬರೆಸಿಕೊಂಡು ಮನೆಯಲ್ಲಿ ಇಡಿ. ಎಷ್ಟು ಸಲ ಹೊಡೆಯಬೇಕು ಅಂತ ವೈದ್ಯರ ಹತ್ತಿರ ಕೇಳಿ ಡಬ್ಬದ ಮೇಲೇ ಬರೆದಿಡಿ. ಆ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ನಾಟಿ ಔಷಧದ ಬಗ್ಗೆ ನೇರವಾಗಿ ಹೇಳುತ್ತೇನೆ. ಕುಲದೇವರಿಗೆ ಹರಕೆ ಹೊರುವುದು, ತಾಯಿತ ಕಟ್ಟುವುದು ನಿಮಗೆ ಬಿಟ್ಟದ್ದು, ಮಾತ್ರೆ ನಿಲ್ಲದಿದ್ದರೆ ನನ್ನ ತಕರಾರಿಲ್ಲ. ಆದರೆ ಹೆಸರಿಲ್ಲದ ಪುಡಿ, ಗುಳಿಗೆ ಬೇಡ. ಫಿಟ್ಸ್‌ಗೆ ಅಂತ ಕೊಡುವ ಇಂಥ ಪುಡಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್ ಬೆರೆಸಿದ್ದು ನಮ್ಮ ದೇಶದಲ್ಲೇ ಸಿಕ್ಕಿಬಿದ್ದಿದೆ. ಅಂದರೆ ಯಾವುದನ್ನು ಬೇಡ ಅಂತ ಬಿಟ್ಟಿರೋ ಅಂಥದ್ದೇ ಇಂಗ್ಲಿಷ್ ಔಷಧವನ್ನು, ಎಷ್ಟು ಪ್ರಮಾಣ ಅಂತ ಗೊತ್ತಿಲ್ಲದೆ ತಿಂದ ಹಾಗೆ. ನಿಮ್ಮ ಮಗಳಿಗೆ ಒಮ್ಮೆ ಫೆನಿಟಾಯಿನ್‌ನಿಂದ ಏನಾಯಿತು ಅಂತ ನೀವೇ ನೋಡಿದ್ದೀರಿ. ಕೆಲವು ಪುಡಿಗಳಲ್ಲಿ ಸೀಸವೂ ಇರುತ್ತದೆ.

ಹಾಗಾದರೆ ಮಾತ್ರೆ ಎಷ್ಟು ವರ್ಷ? ಫಿಟ್ಸ್ ಇರುವ ಹೆಚ್ಚಿನವರಿಗೆ, ಸುಮಾರು 100ರಲ್ಲಿ 70 ಜನರಿಗೆ, ಸರಿಯಾದ ಮಾತ್ರೆಯಿಂದ ಪೂರ್ತಿ ಹತೋಟಿ ಸಿಗುತ್ತದೆ. ಹಲವು ಬಗೆಯ ಫಿಟ್ಸ್‌ನಲ್ಲಿ ಕನಿಷ್ಠ 2 ವರ್ಷ ಏನೂ ಬರದಿದ್ದರೆ ನಿಧಾನವಾಗಿ ನಿಲ್ಲಿಸುವ ಪ್ರಯತ್ನ ಮಾಡುತ್ತೇವೆ. ನಿಮ್ಮ ಮಗಳದ್ದು ಆ ಗುಂಪಿಗೆ ಸೇರುವುದಿಲ್ಲ. ಈ ಜಾತಿಯದ್ದು ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ಮಾತ್ರೆ ಬಿಟ್ಟರೆ ಹೆಚ್ಚಿನವರಿಗೆ ತಿರುಗಿ ಬರುತ್ತದೆ. ವಯಸ್ಸಾದ ಮೇಲೆ ಬಿಟ್ಟು ಆರಾಮಾಗಿ ಇರುವವರೂ ಇದ್ದಾರೆ, ಆದರೆ ಅದು 8 ತಿಂಗಳಿಗೆ ಯೋಚಿಸುವ ವಿಷಯ ಅಲ್ಲ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಐಸಿಯು ಸೇರುವ ಪರಿಸ್ಥಿತಿ ಆಗಬಹುದು. ಹೆದರಿಸುವುದಕ್ಕಲ್ಲ, ಆದರೆ ಮುಚ್ಚಿಡುವುದೂ ಸರಿಯಲ್ಲ: ಹತೋಟಿಯಲ್ಲಿಲ್ಲದ ದೊಡ್ಡ ಫಿಟ್ಸ್ ಇರುವವರಲ್ಲಿ, ಅದರಲ್ಲೂ ರಾತ್ರಿ ಒಬ್ಬರೇ ಇದ್ದಾಗ, ಅಪರೂಪಕ್ಕೆ ಹಠಾತ್ ಸಾವು ಆಗುವುದುಂಟು.

ಇಷ್ಟು ಹೇಳಿದ ಮೇಲೆ ವಾಲ್ಪ್ರೊಯೇಟ್ ಬಗ್ಗೆ ಇನ್ನೊಂದು ಮುಖ. ನಿಮ್ಮ ಮಗಳ ಬದಲು ಮಗ ಆಗಿದ್ದರೆ, ಹೊಂದಿಕೊಂಡಿದೆ, ಸದ್ಯ ಇದೇ ಇರಲಿ ಅನ್ನುತ್ತಿದ್ದೆ. ಈ ಜಾತಿಯ ಫಿಟ್ಸ್‌ಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧ ಇಲ್ಲ. ಆದರೆ ಬಸಿರಲ್ಲಿ ಇದನ್ನು ತೆಗೆದುಕೊಂಡರೆ 10 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದಲೇ ದೇಹದ ದೋಷ ಇರಬಹುದು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೇ ಇರುವುದು, ಹೃದಯದ ದೋಷ, ಸೀಳು ತುಟಿ ಇಂಥವು. 10ರಲ್ಲಿ 3-4 ಮಕ್ಕಳಿಗೆ ಮಾತು, ಕಲಿಕೆ ನಿಧಾನ ಆಗಬಹುದು. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ 4 ವಾರದೊಳಗೆ. ಅಷ್ಟರಲ್ಲಿ ಎಷ್ಟೋ ಹುಡುಗಿಯರಿಗೆ ತಾವು ಬಸುರಿ ಅಂತಲೇ ಗೊತ್ತಾಗಿರುವುದಿಲ್ಲ. ಆದ್ದರಿಂದ 'ಬಸಿರಾದ ಮೇಲೆ ಬದಲಿಸೋಣ' ಅನ್ನುವ ಮಾತೇ ಇಲ್ಲ, ಬದಲಿಸುವುದಾದರೆ ಮದುವೆಗೂ ಮೊದಲೇ ಆಗಬೇಕು. ಇದರ ಜೊತೆಗೆ ತೂಕ ಏರುವುದು, ಕೂದಲು ಉದುರುವುದು, ಮುಟ್ಟಿನ ಏರುಪೇರು ಕೂಡ ಆಗಬಹುದು. ಹುಡುಗಿಯರು ಇದನ್ನು ಡಾಕ್ಟರ ಹತ್ತಿರ ಹೇಳದೆ ಸುಮ್ನೆ ಮಾತ್ರೆ ತಪ್ಪಿಸುತ್ತಾರೆ. ಒಮ್ಮೆ ನೀವೇ ಕೇಳಿ ನೋಡಿ.

ಬದಲಿಗೆ ಏನಿದೆ? ನಾನು ಸಾಮಾನ್ಯವಾಗಿ ಮೊದಲು ನೋಡುವುದು ಲೆವೆಟಿರಾಸಿಟಾಮ್. ಬಸಿರಲ್ಲಿ ಇರುವುದರಲ್ಲೇ ಸುರಕ್ಷಿತವಾದ ಎರಡು ಮಾತ್ರೆಗಳಲ್ಲಿ ಒಂದು, ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಇದರ ತೊಂದರೆ ಸಿಟ್ಟು. ಕೆಲವರಿಗೆ ಕಾರಣ ಇಲ್ಲದೆ ರೇಗುವುದು, ಬೇಜಾರು, ಅಳು ಬರುತ್ತದೆ. ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಆದರೆ ಮಂಕಾಗಿ ಕೂರಲು ಶುರು ಮಾಡಿದರೆ, ಸಾಯುವ ಮಾತು ಆಡಿದರೆ ಕಾಯಬೇಡಿ, ಅದೇ ದಿನ ವೈದ್ಯರಿಗೆ ಹೇಳಿ. ಇನ್ನೊಂದು ಲ್ಯಾಮೊಟ್ರಿಜಿನ್. ಮನಸ್ಸಿಗೆ ಹಿತ, ಬಸಿರಲ್ಲೂ ಒಳ್ಳೆಯದು. ಆದರೆ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಅವಸರ ಮಾಡಿದರೆ ಮೈಮೇಲೆ ಅಪಾಯಕಾರಿ ಗುಳ್ಳೆ ಏಳಬಹುದು, ವಾಲ್ಪ್ರೊಯೇಟ್ ಜೊತೆ ಇದ್ದಾಗ ಆ ಅಪಾಯ ಇನ್ನೂ ಜಾಸ್ತಿ. ಕೆಲವರಿಗೆ ಕೈ ಹಾರುವುದನ್ನೂ ಕೆರಳಿಸುತ್ತದೆ. ಯಾವುದಕ್ಕೇ ಬದಲಿಸಿದರೂ ಹೊಸದನ್ನು ಏರಿಸುತ್ತಾ ಹಳೆಯದನ್ನು ಇಳಿಸಬೇಕು, ವಾರಗಳಿಂದ ತಿಂಗಳುಗಳು ಹಿಡಿಯುತ್ತದೆ. ಆ ನಡುವೆ ಒಂದು ಫಿಟ್ಸ್ ಬರುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಪರೀಕ್ಷೆ ಹತ್ತಿರ ಇರುವಾಗ ಬೇಡ, ರಜೆಯಲ್ಲಿ ಶುರು ಮಾಡಿ. ಬದಲಿಸಿದ ಮೇಲೆ ಹತೋಟಿ ತಪ್ಪಿಯೇ ಹೋಯಿತು ಅಂತಾದರೆ ಕೆಲವು ಹೆಣ್ಣುಮಕ್ಕಳಿಗೆ ಕಡಿಮೆ ಡೋಸ್‌ನಲ್ಲಿ ವಾಲ್ಪ್ರೊಯೇಟ್‌ಗೇ ಮರಳಬೇಕಾಗುತ್ತದೆ, ಆಗ ಅಪಾಯವೆಲ್ಲ ಅವಳಿಗೇ ತಿಳಿಸಿ ಹೇಳಿ ನಿರ್ಧರಿಸುತ್ತೇವೆ. ಅವಳಿಗೆ 20 ವರ್ಷ, ಈ ಮಾತುಕತೆಯಲ್ಲಿ ಅವಳು ಎದುರು ಕೂತಿರಬೇಕು. ಬಾಗಿಲ ಹೊರಗೆ ಬೆಂಚಿನ ಮೇಲೆ ಅಲ್ಲ. ಫೋಲಿಕ್ ಆಸಿಡ್ ಮಾತ್ರೆಯನ್ನು ಮದುವೆ ಹೊತ್ತಿಗೇ ಶುರು ಮಾಡಲು ಕೇಳಿ.

ಮಕ್ಕಳಿಗೆ ಬರುತ್ತದಾ ಅಂತ ಕೇಳಿದ್ದೀರಿ. ವಂಶದ ಪಾಲು ಸ್ವಲ್ಪ ಇದೆ, ಬೇರೆಯವರ ಮಕ್ಕಳಿಗಿಂತ ಸಾಧ್ಯತೆ ಜಾಸ್ತಿ. ಹಾಗಿದ್ದೂ 100 ಮಕ್ಕಳಲ್ಲಿ 90ಕ್ಕಿಂತ ಹೆಚ್ಚಿನವರಿಗೆ ಬರುವುದಿಲ್ಲ. ಮೊಲೆಹಾಲು ಕೊಡಬಹುದು. ಸಹಜ ಹೆರಿಗೆಯೂ ಆಗಬಹುದು, ಫಿಟ್ಸ್ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಮದುವೆ ಬಗ್ಗೆ ಕಾನೂನು ನಿಮ್ಮ ಕಡೆ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಫಿಟ್ಸ್ ಇರುವವರ ಮದುವೆಗೆ ಅಡ್ಡಿ ಇತ್ತು, 1999ರ ತಿದ್ದುಪಡಿಯಲ್ಲಿ ಆ ಮಾತನ್ನೇ ತೆಗೆದರು. ಹೇಳಬೇಕಾ ಬೇಡವಾ? ನನ್ನ ಅಭಿಪ್ರಾಯ, ಹೇಳಿ. ಜಾತಕ ಕೂಡಿ, ಹುಡುಗ ಹುಡುಗಿ ಒಪ್ಪಿ, ನಿಶ್ಚಿತಾರ್ಥಕ್ಕೆ ಮೊದಲು ಹೇಳಿ. ನೀತಿ ಹೇಳುತ್ತಿಲ್ಲ, ವೈದ್ಯನಾಗಿ ಕಂಡ ಕಾರಣ ಇದೆ: ಮುಚ್ಚಿಟ್ಟು ಮದುವೆಯಾದ ಹುಡುಗಿಯರು ಗಂಡನ ಮನೆಯಲ್ಲಿ ಮಾತ್ರೆ ಅಡಗಿಸಿ ಇಡುತ್ತಾರೆ. ನೆಂಟರು ತುಂಬಿದ ಮನೆ, ಮದುವೆ ಓಡಾಟದ ನಿದ್ದೆಗೇಡು, ಎರಡು ದಿನ ಮಾತ್ರೆ ಇಲ್ಲ. ಮದುವೆಯಾದ ಮೊದಲ ವಾರದಲ್ಲೇ ಫಿಟ್ಸ್ ಬಂದು ನನ್ನ ಹತ್ತಿರ ಕರೆದುಕೊಂಡು ಬಂದವರಿದ್ದಾರೆ. ಆಗ ಆಗುವ ಜಗಳ ಕಾಯಿಲೆಗಿಂತ ದೊಡ್ಡದು. ಹೇಳಿದ್ದಕ್ಕೆ ಒಂದು ಸಂಬಂಧ ತಪ್ಪಿದರೆ ತಪ್ಪಲಿ ಬಿಡಿ.

ನಿದ್ದೆಗೆ ಬರೋಣ, ಯಾಕೆಂದರೆ ಈ ಕಾಯಿಲೆಯಲ್ಲಿ ಮಾತ್ರೆಯಷ್ಟೇ ನಿದ್ದೆ ಮುಖ್ಯ. ಆಟದ ಮಾರನೇ ಬೆಳಿಗ್ಗೆ ಫಿಟ್ಸ್ ಅಂತ ನಮ್ಮ ಜಿಲ್ಲೆಯಲ್ಲಿ ಬರುವವರು ನಿಮ್ಮ ಮಗಳೊಬ್ಬಳೇ ಅಲ್ಲ. ಮಳೆಗಾಲ ಕಳೆದು ಮೇಳಗಳು ಹೊರಟ ಮೇಲೆ ಇಂಥ ಒಬ್ಬಿಬ್ಬರು ಬಂದೇ ಬರುತ್ತಾರೆ. ಆಟ ನೋಡಲೇಬೇಡ ಅನ್ನುವಷ್ಟು ಕಟುಕ ನಾನಲ್ಲ, ನನಗೂ ಆಟದ ಹುಚ್ಚಿದೆ. ಕಾಲಮಿತಿ ಪ್ರಯೋಗಕ್ಕೆ ಹೋಗಲಿ, ರಾತ್ರಿ ಪೂರ್ತಿ ಇರುವುದಾದರೆ ಒಂದು ಪ್ರಸಂಗ ನೋಡಿ ಬಂದು ಮಲಗಲಿ, ಬೆಳಿಗ್ಗೆ ಯಾರೂ ಎಬ್ಬಿಸಬೇಡಿ. ಪರೀಕ್ಷೆಗೆ ರಾತ್ರಿ ಕೂತು ಓದುವುದು ಬೇಡ. ವ್ರತ, ಉಪವಾಸ ಅಂತ ಮಾತ್ರೆ ತಪ್ಪಿಸುವುದು ಬೇಡ, ಮಾತ್ರೆ ಮತ್ತು ಒಂದು ಲೋಟ ನೀರಿಗೆ ಯಾವ ದೇವರೂ ಸಿಟ್ಟಾಗುವುದಿಲ್ಲ. ಮರೆತ ಮಾತ್ರೆ ನೆನಪಾದ ಕೂಡಲೇ ತೆಗೆದುಕೊಳ್ಳಲಿ, ಆದರೆ ಮುಂದಿನ ಹೊತ್ತಿಗೆ ಎರಡೆರಡು ಸೇರಿಸಿ ನುಂಗುವುದು ಬೇಡ. ಮಳೆಗಾಲಕ್ಕೆ ಮೊದಲೇ ಎರಡು ತಿಂಗಳ ಮಾತ್ರೆ ತಂದಿಡಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆದದ್ದು ನೆನಪಿದೆಯಲ್ವಾ? ನಮ್ಮ ಘಟ್ಟದ ರಸ್ತೆಗಳನ್ನು ನಂಬಿ ಮಾತ್ರೆ ಖಾಲಿ ಮಾಡಿಕೊಳ್ಳಬಾರದು.

ಮನೆಯಲ್ಲಿ ನನಗೆ ಹೆಚ್ಚು ಚಿಂತೆ ಇರುವ ಜಾಗ ಬಚ್ಚಲು. ನಿಮ್ಮ ಕಡೆಯ ಮನೆಗಳ ಬಚ್ಚಲಲ್ಲಿ ಒಂದು ಪಕ್ಕ ಉರಿಯುವ ಒಲೆ, ಮೇಲೆ ಕುದಿಯುವ ಹಂಡೆ, ಕೆಳಗೆ ಜಾರುವ ಕಲ್ಲು. ಹಂಡೆಯಿಂದ ನೀರು ತೋಡಿ ಬಕೆಟ್‌ಗೆ ಹದ ಮಾಡಿಕೊಡುವ ಕೆಲಸ ಬೇರೆಯವರು ಮಾಡಲಿ. ಅವಳು ಕೂತು ಸ್ನಾನ ಮಾಡಲಿ, ಒಳಗಿನಿಂದ ಚಿಲಕ ಹಾಕುವುದು ಬೇಡ. ಬಾವಿಯಿಂದ ನೀರು ಸೇದುವುದು, ಹೊಳೆಗೆ ಒಬ್ಬಳೇ ಇಳಿಯುವುದು ಬೇಡ. ಇದೇ ಮಾತನ್ನು ನಾನು ಮರ ಹತ್ತುವ ಕೊನೆಗೌಡರಿಗೂ, ಒಬ್ಬರೇ ದೋಣಿ ತೆಗೆದುಕೊಂಡು ಹೋಗುವ ಮೀನುಗಾರರಿಗೂ ಹೇಳುತ್ತೇನೆ. ಅವರಿಗದು ಹೊಟ್ಟೆಪಾಡು, ಹೇಳುವುದು ಸುಲಭ ಅಲ್ಲ. ಸ್ಕೂಟಿಯ ವಿಷಯದಲ್ಲಿ ಮಾತ್ರ ಹೊಂದಾಣಿಕೆ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲೇ ಫಿಟ್ಸ್ ಇದೆಯಾ ಅಂತ ಕೇಳುತ್ತಾರೆ, ಸುಳ್ಳು ಬರೆಯುವ ಹಾಗಿಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಒಂದು ಕ್ಷಣ ಕೈ ಹಾರಿದರೆ ಸಾಕು. ಬಸ್ಸಲ್ಲಿ ಹೋಗಲಿ.

ಇದನ್ನು ಓದುವ ಬೇರೆ ಮನೆಯವರಿಗೆ ಸ್ವಲ್ಪ. ಬಿದ್ದದ್ದೆಲ್ಲ ಫಿಟ್ಸ್ ಅಲ್ಲ. ದೇವಸ್ಥಾನದ ಸಾಲಲ್ಲಿ ನಿಂತು ಕಣ್ಣು ಕತ್ತಲಾಗಿ, ಬೆವರಿ ಕುಸಿದು, ಮಲಗಿಸಿದ ಅರ್ಧ ನಿಮಿಷದಲ್ಲಿ ಎದ್ದು ಸರಿಯಾಗಿ ಮಾತಾಡಿದರೆ ಅದು ಹೆಚ್ಚಾಗಿ ಬಿಪಿ ಇಳಿದದ್ದು. ಆಗಲೂ ಒಂದೆರಡು ಸಲ ಕೈಕಾಲು ಅದುರುತ್ತದೆ. 40-50 ದಾಟಿದ ಮೇಲೆ ಮೊದಲ ಸಲ ಫಿಟ್ಸ್ ಬಂದರೆ ಗಡ್ಡೆ, ಪಾರ್ಶ್ವವಾಯು, ಸಕ್ಕರೆ ಅಥವಾ ಸೋಡಿಯಂ ಇಳಿದದ್ದು, ಕುಡಿತ ಬಿಟ್ಟ ಎರಡು ಮೂರು ದಿನ, ಎಲ್ಲ ನೋಡಬೇಕು. ಮೆದುಳಲ್ಲಿ ಲಾಡಿಹುಳದ ಗಂಟು ಅಂದ ಕೂಡಲೇ 'ನಾವು ಮಾಂಸ ತಿನ್ನುವವರಲ್ಲ' ಅನ್ನುತ್ತಾರೆ. ಅದರ ಮೊಟ್ಟೆ ಮನುಷ್ಯನ ಮಲದಿಂದ ನೀರು, ತರಕಾರಿ ಮೂಲಕ ಬರುತ್ತದೆ, ಸಸ್ಯಾಹಾರಿಗಳಿಗೂ ಬರುತ್ತದೆ. ಸಿದ್ದಾಪುರ ಕಡೆಯವರು, ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದು, ಬಿಟ್ಟು, ಮತ್ತೆ ಜ್ವರದ ಜೊತೆ ಗೊಂದಲ ಅಥವಾ ಫಿಟ್ಸ್ ಬಂದರೆ ಮಂಗನ ಕಾಯಿಲೆ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ಮಾಡಬೇಕಾದ್ದು: ಹುಬ್ಬಳ್ಳಿಯ ಅದೇ ವೈದ್ಯರ ಹತ್ತಿರ ಹಳೆಯ ಚೀಟಿ, ಎಂಆರ್‌ಐ, ಫಿಟ್ಸ್ ಬಂದ ದಿನಗಳನ್ನು ಬರೆದ ಒಂದು ಹಾಳೆ ತೆಗೆದುಕೊಂಡು ಹೋಗಿ. 'ಮದುವೆ ಯೋಚನೆ ಇದೆ, ವಾಲ್ಪ್ರೊಯೇಟ್ ಬದಲಿಸಬಹುದಾ, ಇಇಜಿ ಬೇಕಾ' ಅಂತ ನೇರ ಕೇಳಿ. ಅಷ್ಟು ದೂರ ಮತ್ತೆ ಮತ್ತೆ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ನಿಮ್ಹಾನ್ಸ್ ನೆರವಿನ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಇರುತ್ತದೆ ಅಂತ ವಿಚಾರಿಸಿ.

ಧಾರವಾಡಕ್ಕೆ ಕಳಿಸಿ. ಫಿಟ್ಸ್ ಇದೆ ಅಂತ ಓದು ನಿಲ್ಲಿಸುವ ಕಾರಣ ಏನೂ ಇಲ್ಲ. ಹಾಸ್ಟೆಲ್‌ನಲ್ಲಿ ಮೇಲಿನ ಮಂಚ ಬೇಡ ಅಂತ ಹೇಳಿ. ರೂಮಿನ ಹುಡುಗಿಗೆ ವಿಷಯ ತಿಳಿದಿರಲಿ, ಪಕ್ಕಕ್ಕೆ ಹೇಗೆ ಹೊರಳಿಸಬೇಕು ಅಂತ ನಿಮ್ಮ ಮಗಳೇ ಮಲಗಿ ತೋರಿಸಿಕೊಡಲಿ. ಪರ್ಸ್‌ನಲ್ಲಿ ಮಾತ್ರೆಯ ಹೆಸರು, ಡೋಸ್, ನಿಮ್ಮ ಫೋನ್ ನಂಬರ್, ಮತ್ತು ಫೆನಿಟಾಯಿನ್, ಕಾರ್ಬಮಾಜೆಪಿನ್ ಆಗುವುದಿಲ್ಲ ಅಂತ ಬರೆದ ಚೀಟಿ ಇರಲಿ. ಯಾವುದಾದರೂ ಕ್ಯಾಶುವಾಲ್ಟಿಗೆ ಹೋಗಬೇಕಾಗಿ ಬಂದರೆ ಅಲ್ಲಿನವರು ಮೊದಲು ಕೈಗೆತ್ತಿಕೊಳ್ಳುವ ಇಂಜೆಕ್ಷನ್ ಅದೇ ಫೆನಿಟಾಯಿನ್ ಆಗಿರುವ ಸಾಧ್ಯತೆ ಇದೆ.